ಆರ್‌ಟಿಇ ಸೀಟೋ, ಸರ್ಕಾರಿ ಶಾಲೆಯೋ, ಮೊರಾರ್ಜಿಯೋ?

ಕರ್ನಾಟಕದಲ್ಲಿ ಕೂಲಿ ಮಾಡುವವರ ಮಗುವಿಗೆ ಮುಖ್ಯವಾಗಿ ಈ ಮೂರು ದಾರಿ.

ಆರ್‌ಟಿಇ: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಯ ಆರಂಭದ ತರಗತಿಯಲ್ಲಿ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ. ಆದರೆ 2019-20ರಿಂದ ರಾಜ್ಯದ ನಿಯಮ ಬದಲಾಗಿದೆ: ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಸೀಟಿಲ್ಲ. ಹಾಗಾಗಿ ಬಹುತೇಕರಿಗೆ ಇದು ಕಾಗದದ ಮೇಲಿನ ಆಯ್ಕೆ. ಸಿಕ್ಕಿದರೂ ಶುಲ್ಕ ವಿನಾಯಿತಿ ಎಂಟನೇ ತರಗತಿವರೆಗಷ್ಟೇ. ಒಂಬತ್ತನೇ ತರಗತಿಯ ಫೀಸು ಎಲ್ಲಿಂದ ಎಂದು ಈಗಲೇ ಲೆಕ್ಕ ಹಾಕಿ; ವ್ಯಾನು, ಶೂ, ಟ್ಯೂಷನ್ ಖರ್ಚನ್ನೂ ಸೇರಿಸಿ.

ಸರ್ಕಾರಿ ಶಾಲೆ: ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಉಚಿತ. ಗುಣಮಟ್ಟ ಮಾತ್ರ ಊರಿಂದೂರಿಗೆ ಬೇರೆ. ಕಟ್ಟಡ ನೋಡಬೇಡಿ, ಕಾಯಂ ಶಿಕ್ಷಕರೆಷ್ಟು ಮಂದಿ ಎಂದು ಕೇಳಿ. ಹತ್ತಿರ ಕರ್ನಾಟಕ ಪಬ್ಲಿಕ್ ಶಾಲೆಯಿದ್ದರೆ ಪಿಯುವರೆಗೆ ಚಿಂತೆಯಿಲ್ಲ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 5 ಮೀಸಲಾತಿಯೂ ಇದೆ (ಇದನ್ನು ಯಾಕೋ ಯಾರೂ ಹೇಳುವುದಿಲ್ಲ).

ಮೊರಾರ್ಜಿ ದೇಸಾಯಿ ವಸತಿ ಶಾಲೆ: ಆರರಿಂದ ಹತ್ತು, ಊಟ-ವಸತಿ ಉಚಿತ, ಪ್ರವೇಶ ಪರೀಕ್ಷೆ ಬರೆಯಬೇಕು.

ನನ್ನ ಸಲಹೆ: ಐದರವರೆಗೆ ಊರಿನ ಸರ್ಕಾರಿ ಶಾಲೆ, ಆಮೇಲೆ ಮೊರಾರ್ಜಿ ಪರೀಕ್ಷೆ. ಊರಿನದು ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದೂರಿನದನ್ನೂ ನೋಡಿಬನ್ನಿ.