ಕರ್ತಾರ್‌ಪುರ ಕಾರಿಡಾರ್: ನಾಲ್ಕೂವರೆ ಕಿಲೋಮೀಟರ್ ದಾಟಲು ಏನೇನು ಬೇಕು

1947ರಲ್ಲಿ ಗಡಿಯಾಚೆ ಉಳಿದುಹೋದ ಗುರುದ್ವಾರಗಳ 'ಖುಲ್ಹೆ ದರ್ಶನ್ ದೀದಾರ್', ಅಂದರೆ ತಡೆಯಿಲ್ಲದ ದರ್ಶನ, ಕರುಣಿಸು ಎಂದು ಸಿಖ್ಖರು ಅರದಾಸ್ ಎಂಬ ಪ್ರಾರ್ಥನೆಯಲ್ಲಿ ದಿನವೂ ಬೇಡುತ್ತಾರೆ. ಗುರುದಾಸಪುರ ಜಿಲ್ಲೆಯ ಶಕರಗಢ ತಾಲ್ಲೂಕು ಪಾಕಿಸ್ತಾನಕ್ಕೆ ಸೇರಿದಾಗ, ಗುರುನಾನಕರು ಕೊನೆಗಾಲದಲ್ಲಿ ಹೊಲ ಉಳುತ್ತ ಬಾಳಿದ ಕರ್ತಾರ್‌ಪುರವೂ ಆಚೆಗೆ ಹೋಯಿತು. ಈಚೆ, ಭಾರತದ ಗಡಿಯೂರು ಡೇರಾ ಬಾಬಾ ನಾನಕ್‌ನಲ್ಲಿ ನಿಂತು ದುರ್ಬೀನಿನಲ್ಲಿ ಬಿಳಿ ಗುಮ್ಮಟ ಕಂಡು ಕೈಮುಗಿಯುವುದಷ್ಟೇ ಉಳಿದಿತ್ತು. 2019ರ ನವೆಂಬರ್ 9ರಂದು ಅಲ್ಲಿಂದ ಕರ್ತಾರ್‌ಪುರದ ಗುರುದ್ವಾರಕ್ಕೆ ಯಾತ್ರಿಕರ ದಾರಿ, ಅಂದರೆ ಕಾರಿಡಾರ್, ತೆರೆದದ್ದು ಎಷ್ಟು ದೊಡ್ಡ ಮಾತು ಎಂಬುದು ಇದರಿಂದಲೇ ತಿಳಿಯುತ್ತದೆ.

ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಬೇಕೇ ಬೇಕು. ಅದರ ಮೇಲೆ ಮುದ್ರೆ ಒತ್ತುವುದಿಲ್ಲ. ಗೃಹ ಸಚಿವಾಲಯದ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಯಾತ್ರಿಕರ ಪಟ್ಟಿ 10 ದಿನ ಮೊದಲೇ ಪಾಕಿಸ್ತಾನಕ್ಕೆ ಹೋಗುವುದರಿಂದ ಕೊನೆಗಳಿಗೆಯ ಅರ್ಜಿ ವ್ಯರ್ಥ. ಒಪ್ಪಿಗೆ ಬರುವುದು ಪ್ರಯಾಣಕ್ಕೆ ನಾಲ್ಕು ದಿನ ಇರುವಾಗ. ದೂರದಿಂದ ಬರುವವರು ಎಡವುವುದು ಇಲ್ಲೇ: ರೈಲು ಟಿಕೆಟ್ ಕೈಯಲ್ಲಿರುತ್ತದೆ, ಅನುಮತಿ ಇರುವುದಿಲ್ಲ. ಅನುಮತಿಪತ್ರದ ಪ್ರಿಂಟ್ ಜೊತೆಗಿರಲಿ. ಸಾಮಾನು 7 ಕಿಲೋ, ನಗದು 11,000 ರೂಪಾಯಿ ಮೀರುವಂತಿಲ್ಲ. ಬೆಳಿಗ್ಗೆ ಹೋದವರು ಅದೇ ದಿನ ಮರಳಬೇಕು.

ಪಾಕಿಸ್ತಾನದ ಕಡೆ ತಲೆಗೆ 20 ಡಾಲರ್ ಶುಲ್ಕವಿದೆ. ಐದು ಜನರ ಕುಟುಂಬಕ್ಕೆ 100 ಡಾಲರ್! ಹಳ್ಳಿಯ ರೈತರಿಗೆ ಇದು ಸಣ್ಣ ಮೊತ್ತವಲ್ಲ. ದರ್ಶನಕ್ಕೆ ಸುಂಕ ಇರಲೇಬಾರದು. ಪಾಸ್‌ಪೋರ್ಟೇ ಮಾಡಿಸದ ಮುದುಕರಿಗಂತೂ ಬಾಗಿಲು ತೆರೆದೂ ಮುಚ್ಚಿದಂತೆ. ದಿನಕ್ಕೆ 5,000 ಜನರಿಗೆ ಅವಕಾಶವಿದ್ದರೂ ಅಷ್ಟು ಮಂದಿ ಬಾರದಿರಲು ಇವೆರಡೂ ಮುಖ್ಯ ಕಾರಣ.

ಒಳಗಿನ ವ್ಯವಸ್ಥೆಯ ಬಗ್ಗೆ ದೂರಿಲ್ಲ. ಗಡಿಯಿಂದ ಗುರುದ್ವಾರದವರೆಗೆ ಬಸ್ಸಿದೆ, ಲಂಗರ್ ಇದೆ. ಬೀದರಿನ ನಾನಕ್ ಝೀರಾದಲ್ಲಿ ಪಂಕ್ತಿಯಲ್ಲಿ ಕೂತು ಉಂಡವರಿಗೆ ಅದು ಪರಿಚಿತವೇ. ಗುರುನಾನಕರ ಸಮಾಧಿ ಒಳಗೆ, ಮಜಾರ್ (ಮುಸ್ಲಿಂ ಪದ್ಧತಿಯ ಗೋರಿ) ಅಂಗಳದಲ್ಲಿ. ಹಿಂದೂ, ಮುಸ್ಲಿಂ ಇಬ್ಬರೂ ಅವರನ್ನು ತಮ್ಮವರೆಂದ ಗುರುತು. ಆ ಅಂಗಳಕ್ಕೆ ಪಾಕಿಸ್ತಾನದ ಪಂಜಾಬಿಗಳೂ ಬರುತ್ತಾರೆ. ವಿಭಜನೆಯಲ್ಲಿ ಅಗಲಿದ ಅಣ್ಣತಮ್ಮಂದಿರು 74 ವರ್ಷದ ಮೇಲೆ, 2022ರಲ್ಲಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದು ಇಲ್ಲಿಯೇ. ಆದರೆ ಆವರಣ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಹುಟ್ಟೂರು ಪಕ್ಕದಲ್ಲೇ ಇದ್ದರೂ ಅಷ್ಟೇ. ಕಾರಿಡಾರ್ ಕೊಟ್ಟಿರುವುದು ಗುರುವಿನ ಮನೆಯನ್ನು, ಅಜ್ಜನ ಮನೆಯನ್ನಲ್ಲ.

ಕಾರಿಡಾರ್ ಕುರಿತ ಭಾರತ-ಪಾಕಿಸ್ತಾನ ಒಪ್ಪಂದವನ್ನು 2024ರಲ್ಲಿ ಇನ್ನೈದು ವರ್ಷಕ್ಕೆ ವಿಸ್ತರಿಸಲಾಗಿತ್ತು. ಆದರೂ 2025ರ ಮೇ 7ರಂದು, ಎರಡು ದೇಶಗಳ ಸಂಘರ್ಷದ ನಡುವೆ, ಭಾರತ ಈ ಸೇವೆಯನ್ನು ನಿಲ್ಲಿಸಿತು. ಹಾಗಾಗಿ ಹೊರಡುವ ಮೊದಲು ಜಾಲತಾಣದಲ್ಲಿ ನೋಂದಣಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಿ, ಆಮೇಲೆ ಅಮೃತಸರದ ಟಿಕೆಟ್ ತೆಗೆಸಿ.