ಹಿಮ ತಳ್ಳಿದ ಎಟಿವಿ ಪುಣೆಯಲ್ಲಿ ಮಾರಾಟಕ್ಕೆ: ಟೋಕನ್ ಕೊಡುವ ಮುಂಚೆ ಅಡಿಗೆ ಬಗ್ಗಿ ನೋಡಿ

"ಗಾಡಿ ಮನಾಲಿ ಕಡೆಯದು. ಬರೀ ಹಿಮದಲ್ಲಿ ಓಡಿದೆ, ಧೂಳು ಅನ್ನೋದನ್ನೇ ಕಂಡಿಲ್ಲ." ಪುಣೆ ಸುತ್ತಮುತ್ತ ಹಳೆಯ ಎಟಿವಿ (ಕಚ್ಚಾ ನೆಲದಲ್ಲಿ ಓಡುವ, ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಮಾರುವವರು ಹೀಗೆ ಹೇಳಿದರೆ ಜೇಬಿಗೆ ಕೈ ಹಾಕಬೇಡಿ. ಮುಳಶಿ ಕಡೆ ಜಮೀನು ಮಾಡಿಕೊಂಡಿರುವ ಕನ್ನಡದ ಕುಟುಂಬವೊಂದು ಈ ಮಾತನ್ನು ನಂಬಿ 3,40,000 ರೂಪಾಯಿ ಕೊಟ್ಟು 500 ಸಿಸಿ ದರ್ಜೆಯ ಫೋರ್ ವೀಲ್ ಡ್ರೈವ್ ಗಾಡಿ ತಂದಿತು. ಮೂರೇ ವಾರಕ್ಕೆ ಅದು ಷೆಡ್ಡಿನಲ್ಲಿ ಜಾಕ್ ಮೇಲೆ ಕೂತಿತು. ಬಿಚ್ಚಿದಾಗ ಸಿಕ್ಕ ದೋಷಗಳಲ್ಲಿ ಬಹುಪಾಲು ಕೊಳ್ಳುವ ದಿನವೇ ಕಣ್ಣಿಗೆ ಬೀಳಬಹುದಾಗಿದ್ದವು. ಅದಕ್ಕೆ ಬೇಕಾಗಿದ್ದದ್ದು ಒಂದು ಟಾರ್ಚ್, ಒಂದು ಜಾಕ್, ಒಂದು ಸಾಕೆಟ್ ಸೆಟ್, ಒಂದು ಗಂಟೆಯ ತಾಳ್ಮೆ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಹಿಮದಲ್ಲಿ ಓಡುವುದು ಬೇರೆ, ಹಿಮ ತಳ್ಳುವುದು ಬೇರೆ. ಮುಂದೆ ಬ್ಲೇಡ್ ಕಟ್ಟಿ ಅಂಗಳದ ಹಿಮ ಸರಿಸುವ ಗಾಡಿ ಹೊತ್ತೆಲ್ಲ ಇಪ್ಪತ್ತಡಿ ಮುಂದೆ, ಇಪ್ಪತ್ತಡಿ ಹಿಂದೆ ಹೋಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವ ಮೊದಲೇ ರಿವರ್ಸ್ ಹಾಕಿದರೆ ಗೇರಿನ ಹಲ್ಲು ಸವೆಯುತ್ತದೆ. ಭಾರದ ಕೆಲಸಕ್ಕಿರುವ ಲೋ ರೇಂಜ್ ಗೇರ್ ಬಿಟ್ಟು ವೇಗದ ಹೈ ರೇಂಜಿನಲ್ಲಿ ತಳ್ಳಿದರೆ, ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಬೆಲ್ಟ್ ಹಿಡಿಯದೆ ಜಾರಿ ಬಿಸಿಯಾಗುತ್ತದೆ. ಬ್ಲೇಡಿನ ಭಾರವನ್ನು ಮುಂದಿನ ಸ್ಪ್ರಿಂಗುಗಳೂ ಬಾಲ್ ಜಾಯಿಂಟುಗಳೂ ಸದಾ ಹೊತ್ತಿರುತ್ತವೆ. ಹಿಮದಡಿ ಅಡಗಿದ ಕಲ್ಲಿಗೆ ಬ್ಲೇಡ್ ಬಡಿದಾಗಲೆಲ್ಲ ಪೆಟ್ಟು ನೇರ ಚಾಸಿಗೆ. ಧೂಳು ಕಂಡಿಲ್ಲ ಎನ್ನುವುದು ನಿಜವಿದ್ದರೂ ಇದರಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಮೊದಲು ಮೀಟರ್ ನೋಡಿ. ಇಂಥ ಗಾಡಿಗಳಲ್ಲಿ ಕಿಲೋಮೀಟರ್ ಜೊತೆಗೆ ಎಂಜಿನ್ ಓಡಿದ ಗಂಟೆಯ ಲೆಕ್ಕವೂ ಇರುತ್ತದೆ. ಮಾರುವವರು ತೋರಿಸುವುದು ಕಿಲೋಮೀಟರ್ ಮಾತ್ರ. ಗುಂಡಿ ಒತ್ತಿ ಗಂಟೆಯನ್ನೂ ತೆಗೆಸಿ, ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಮುಳಶಿಯ ಗಾಡಿಯಲ್ಲಿ 1,900 ಕಿಲೋಮೀಟರ್ ಇತ್ತು, ಗಂಟೆ 610. ಅಂದರೆ ಸರಾಸರಿ ಗಂಟೆಗೆ 3 ಕಿಲೋಮೀಟರ್ ಚಿಲ್ಲರೆ, ಮನುಷ್ಯ ನಡೆಯುವುದಕ್ಕಿಂತ ನಿಧಾನ. ತೋಟ, ಕಾಡುದಾರಿ ಸುತ್ತಿದ ಗಾಡಿಗೆ 12ರಿಂದ 20 ಬಂದರೆ ಸಹಜ. 5ಕ್ಕಿಂತ ಕೆಳಗೆ ಬಂದರೆ ಗಾಡಿ ದುಡಿದಿದೆ, ಇಲ್ಲವೇ ನಿಂತಲ್ಲೇ ಗಂಟೆಗಟ್ಟಲೆ ಉರಿದಿದೆ. ಮೀಟರನ್ನೇ ಬದಲಿಸಿ ಹಾಕುವವರೂ ಇದ್ದಾರೆ. ಹಾಗಾಗಿ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಹ್ಯಾಂಡಲ್ ಗ್ರಿಪ್ ಎಷ್ಟು ಸವೆದಿವೆ ನೋಡಿ. ಮೀಟರಿನ ಅಂಕಿಗೂ ಆ ಸವೆತಕ್ಕೂ ತಾಳೆಯಾಗಬೇಕು.

ಬ್ಲೇಡ್ ಬಿಚ್ಚಿ ಮಾರಿದರೂ ಗುರುತು ಉಳಿಯುತ್ತದೆ. ವಿಂಚಿನ (ಗಾಡಿಯ ಮುಂದಿರುವ, ಹಗ್ಗ ಸುತ್ತಿ ಎಳೆಯುವ ಮೋಟರಿನ) ಹಗ್ಗವನ್ನು ಹತ್ತಡಿ ಎಳೆಯಿರಿ. ಬ್ಲೇಡ್ ಎತ್ತಿ ಇಳಿಸಲು ಬೇಕಾಗುವುದು ಮೊದಲ ಒಂದೆರಡು ಅಡಿ ಮಾತ್ರ. ಅಷ್ಟು ಭಾಗ ಚಪ್ಪಟೆಯಾಗಿ, ಎಳೆ ಕಿತ್ತು, ಒಳಗಿನದು ಹೊಸದರಂತೆ ಇದ್ದರೆ ಆ ವಿಂಚ್ ಸಾವಿರಾರು ಸಲ ಬ್ಲೇಡ್ ಎತ್ತಿದೆ ಎಂದು ತಿಳಿಯಿರಿ. ಆಮೇಲೆ ನೆಲಕ್ಕೆ ಗೋಣಿಚೀಲ ಹಾಸಿ ಮಲಗಿ ಅಡಿ ನೋಡಿ. ಬ್ಲೇಡಿನ ಪ್ಲೇಟನ್ನು ಯು-ಬೋಲ್ಟ್ ಹಾಕಿ ಕಟ್ಟಿದ್ದ ಕಡೆ ಚಾಸಿ ಪೈಪಿನ ಮೇಲೆ ಉಂಗುರದಂತೆ ಉಜ್ಜಿದ ಗೆರೆ ಇರುತ್ತದೆ. ಮುಳಶಿಯ ಗಾಡಿಯಲ್ಲಿ ಆ ಗೆರೆಗಳ ಮೇಲೆ ಕರಿ ಬಣ್ಣ ಸ್ಪ್ರೇ ಮಾಡಿದ್ದರು. ಬಣ್ಣ ಪೈಪಿನ ಮೇಲಷ್ಟೇ ಬಿದ್ದಿರಲಿಲ್ಲ, ಗ್ರೀಸ್ ನಿಪ್ಪಲ್ ಮೇಲೆ, ವೈರ್ ಬಿಗಿದ ಪ್ಲಾಸ್ಟಿಕ್ ಟ್ಯಾಗಿನ ಮೇಲೆ, ರಬ್ಬರ್ ಹೋಸಿನ ಅರ್ಧ ಭಾಗದ ಮೇಲೂ ಬಿದ್ದಿತ್ತು. ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಟ್ಯಾಗ್ ಬಿಗಿಯುವುದು ಬಣ್ಣ ಹಚ್ಚಿದ ಮೇಲೆ. ಟ್ಯಾಗಿನ ಮೇಲೆ ಬಣ್ಣ ಕಂಡರೆ ಅದರ ಕೆಳಗೆ ಏನೋ ಇದೆ. ಇಲ್ಲಿ ಇದ್ದದ್ದು ಮುಂದಿನ ಎಡ ಎ-ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಕೂರುವ ಬ್ರಾಕೆಟ್ಟಿನ ಬಿರುಕು, ಅದರ ಮೇಲೊಂದು ಒರಟು ವೆಲ್ಡಿಂಗ್. ಭೋಸರಿಯ ಗ್ಯಾರೇಜಿನಿಂದ ಬಂದ ವಿಜಯಪುರದ ಹುಡುಗ ಉಗುರಿನಿಂದ ಕೆರೆದು ಹೇಳಿದ್ದು ಒಂದೇ ಮಾತು: "ಕಾಕಾರ, ಬಣ್ಣ ಇನ್ನಾ ಹಸೀನ ಐತ್ರಿ." ಕೊಳ್ಳುವ ಮೊದಲೇ ಅವನನ್ನು ಕರೆದೊಯ್ದಿದ್ದರೆ ಸಾವಿರ ರೂಪಾಯಿ ಕೂಲಿಯಲ್ಲಿ ಎಲ್ಲ ಮುಗಿಯುತ್ತಿತ್ತು.

ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ (ಸಡಿಲ) ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಹೋಗಿದೆ. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ, ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ತುದಿ ಹೋಗಿದೆ. ಆಕ್ಸಲ್ ಎರಡೂ ತುದಿಯ ಜಾಯಿಂಟುಗಳಿಗೆ ಹೊದಿಸಿರುವ ರಬ್ಬರ್ ಬೂಟುಗಳ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಕೂದಲೆಳೆಯಷ್ಟು ಸೀಳಿದರೂ ಗ್ರೀಸ್ ಹೊರಬಂದು ಮಣ್ಣು ಒಳಹೊಗುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕ್ ಟಕ್ ಸದ್ದು ಬಂದರೆ ಬರೀ ಬೂಟ್ ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟೇ ಮುಗಿದಿದೆ.

ಬೆಲ್ಟಿನ ಮುಚ್ಚಳ ತೆಗೆಯಲು ಮಾರುವವರು ಒಪ್ಪುವುದೇ ಇಲ್ಲ. ಬಿಡಬೇಡಿ, ಅರ್ಧ ಗಂಟೆಯ ಕೆಲಸ. ಒಳ್ಳೆಯ ಬೆಲ್ಟಿನ ಪಕ್ಕ ಮಂಕಾಗಿ, ಉದ್ದಕ್ಕೂ ಒಂದೇ ಅಗಲ ಇರುತ್ತದೆ. ಜಾರಿ ಬಿಸಿಯಾದದ್ದು ಗಾಜಿನಂತೆ ಹೊಳೆಯುತ್ತದೆ. ಭಾರಕ್ಕೆ ಗಾಡಿ ಕದಲದೆ ನಿಂತಾಗಲೂ ಆಕ್ಸಿಲರೇಟರ್ ಕೊಟ್ಟಿದ್ದರೆ ಬೆಲ್ಟ್ ಒಂದೇ ಕಡೆ ಸುಟ್ಟು, ಅಲ್ಲಿ ಡಮರುಗದ ನಡುವಿನಂತೆ ಸಣ್ಣಗಾಗಿರುತ್ತದೆ. ಹೊರಡುವಾಗ ತಾಳ ಹಾಕಿದಂತೆ ಜಗ್ಗುವುದು ಇದರಿಂದಲೇ. ಹೊಸ ಬೆಲ್ಟ್ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ. ಬೆಲ್ಟ್ ಸುತ್ತುವ ಪುಲ್ಲಿಯ ಮುಖದಲ್ಲಿ ಗೀರು ಬಿದ್ದಿದ್ದರೆ ಹೊಸದೂ ಬೇಗ ಹಾಳಾಗುತ್ತದೆ.

ಎಂಜಿನ್ ವಿಚಾರಕ್ಕೆ ಬಂದರೆ, ನೀವು ಹೋಗುವ ಹೊತ್ತಿಗೆ ಅದು ತಣ್ಣಗಿರಬೇಕು. ಸೈಲೆನ್ಸರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಷ್ಟಪಟ್ಟು ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಇನ್ನೊಂದು ದಿನ ಹೇಳದೆ ಹೋಗಿ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಚಹಾದ ಬಣ್ಣ ಕಂಡರೆ ನೀರು ಸೇರಿದೆ. ಮುಂದಿನ, ಹಿಂದಿನ ಗೇರ್ ಕೇಸಿನ ಆಯಿಲನ್ನೂ ಒಂದು ಚಮಚದಷ್ಟು ಹೊರಗೆ ತೆಗೆಸಿ ಬೆರಳಲ್ಲಿ ಉಜ್ಜಿ, ಲೋಹದ ಚೂರು ಚುಚ್ಚಬಾರದು. ಏರ್ ಫಿಲ್ಟರ್ ತೆಗೆದು, ಅದರಾಚೆ ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಅಲ್ಲಿ ಸಣ್ಣ ಮರಳು ಸಿಕ್ಕರೆ ಪಿಸ್ಟನ್ ರಿಂಗ್ ಸವೆದಿರುತ್ತದೆ, ನೀಲಿ ಹೊಗೆ ಇವತ್ತಲ್ಲದಿದ್ದರೆ ನಾಳೆ. "ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಚೆಕ್ ಮಾಡಿಸಿದ್ದೇವೆ" ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ದೊಡ್ಡ ಒಂಟಿ ಸಿಲಿಂಡರ್ ಎಂಜಿನ್‌ಗಳಲ್ಲಿ ಸ್ಟಾರ್ಟ್ ಸುಲಭವಾಗಲೆಂದು ವಾಲ್ವ್ ತೆರೆಯುವ ಕ್ಯಾಮ್‌ನಲ್ಲೇ, ಆ ಒತ್ತಡ ಇಳಿಸುವ ಡಿಕಂಪ್ರೆಸರ್ ಇರುವುದುಂಟು, ಆಗ ಆ ಅಂಕಿಯಿಂದ ಏನೂ ತಿಳಿಯದು. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸೋರಿಕೆ ಶೇ. 10ರೊಳಗಿದ್ದರೆ ನೆಮ್ಮದಿ, 20 ದಾಟಿದರೆ ಬಿಡಿ.

ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಬ್ಯಾಟರಿ ಮೇಲೆ ವೋಲ್ಟ್ ಮೀಟರ್ ಇಟ್ಟರೆ, ಎಂಜಿನ್ ನಿಂತಾಗ 12.6 ವೋಲ್ಟ್ ಆಸುಪಾಸು, ಎಂಜಿನ್ ಸ್ವಲ್ಪ ಏರಿಸಿದಾಗ 14ರ ಹತ್ತಿರ ತೋರಿಸಬೇಕು. ನಾಲ್ಕೂ ಟೈರ್ ಮೂಲ ಅಳತೆಯದೇ, ಒಂದೇ ಹದದ ಸವೆತದ್ದಾಗಿರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಮುಂದಿನ ಗೇರ್ ಕೇಸಿಗೆ ಪೆಟ್ಟು.

ಗೋವಾ ಕಡೆಯಿಂದ ಬಂದ ಗಾಡಿಗೆ ಬೇರೆ ರೋಗ. ಕಡಲ ಮರಳು, ಉಪ್ಪುನೀರು ಕುಡಿದದ್ದು ಪೈಪಿನ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣದು. ಚಾಸಿಯ ಅತಿ ತಗ್ಗಿನ ಪೈಪನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನಬೇಕಾದ ಕಡೆ ಮಂದವಾಗಿ ಕೇಳಿದರೆ ಮುಂದಿನ ಮಾತೇ ಬೇಡ. ವೈರಿಂಗ್ ಕಪ್ಲರ್ ಒಂದೆರಡನ್ನು ಎಳೆದು ನೋಡಿ, ಒಳಗೆ ಹಸಿರು ಪುಡಿ ಇದ್ದರೆ ಅಂಥ ಗಾಡಿಯ ಕರೆಂಟಿನ ತಾಪತ್ರಯ ಮುಗಿಯುವುದೇ ಇಲ್ಲ.

ಕಾಗದಪತ್ರದಲ್ಲಿ ಮೋಸ ಇನ್ನೂ ಹೆಚ್ಚು. ಭಾರತದಲ್ಲಿ ಮಾರಾಟವಾದ ಎಟಿವಿಗಳಲ್ಲಿ ಬಹುಪಾಲಿಗೆ ಆರ್‌ಸಿ ಇಲ್ಲ, ಅವು ರಸ್ತೆಗಾಗಿ ಮಂಜೂರಾದ ವಾಹನಗಳೇ ಅಲ್ಲ. ಟ್ರ್ಯಾಕ್ಟರ್ ಎಂದು ನೋಂದಣಿಯಾಗುವ ಮಾದರಿ ಬಂದಿದ್ದುಂಟು. ಅಂಥದ್ದಾದರೆ ಆ ಗಾಡಿಯದೇ ಆರ್‌ಸಿ ಕೈಗೆ ಬರಬೇಕು, ಅದರಲ್ಲಿನ ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದಬೇಕು. "ಪುಣೆ ಪಾಸಿಂಗ್ ಆಮೇಲೆ ಮಾಡಿಸಿಕೊಡುತ್ತೇವೆ" ಎನ್ನುವುದಕ್ಕೆ ಕಾಸಿನ ಬೆಲೆಯಿಲ್ಲ. ನೋಂದಣಿ, ಥರ್ಡ್ ಪಾರ್ಟಿ ವಿಮೆ ಇಲ್ಲದೆ ರಸ್ತೆಗಿಳಿದು ಯಾರಿಗಾದರೂ ಪೆಟ್ಟಾದರೆ ಪರಿಹಾರದ ಪೂರ್ತಿ ಹೊರೆ ನಿಮ್ಮ ತಲೆ ಮೇಲೆ. ಆರ್‌ಸಿ ಇಲ್ಲದ ಗಾಡಿಗೆ ಮೊದಲ ಖರೀದಿಯ ಇನ್‌ವಾಯ್ಸ್, ನೇರ ಹೊರದೇಶದಿಂದ ತರಿಸಿದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕೇಳಿ.

ಚಾಸಿ ನಂಬರನ್ನು ನೀವೇ ಓದಿ. 17 ಅಕ್ಷರಗಳಿದ್ದರೆ, ಅಮೆರಿಕದ ಕಂಪನಿಗಳ ಗಾಡಿಯಲ್ಲಿ ಹತ್ತನೆಯದು ಮಾದರಿಯ ವರ್ಷ. ಎ ಅಂದರೆ 2010, ಬಿ 2011, ಹೀಗೆ ಎಚ್‌ಗೆ 2017. ಐ ಬಳಸುವುದಿಲ್ಲ, ಹಾಗಾಗಿ ಜೆ 2018. ಮುಳಶಿಯವರಿಗೆ 2017ರದು ಎಂದು ಕೊಟ್ಟ ಗಾಡಿಯಲ್ಲಿ ಹತ್ತನೆಯ ಅಕ್ಷರ ಡಿ ಇತ್ತು, 2013. ನಾಲ್ಕು ವರ್ಷದ ದುಡ್ಡು ಒಂದಕ್ಷರದಲ್ಲಿ ಹೋಯಿತು.

ಹಣ ಬ್ಯಾಂಕಿನ ಮೂಲಕವೇ ಕೊಡಿ. ಚಾಸಿ ನಂಬರ್, ಎಂಜಿನ್ ನಂಬರ್, ಮೀಟರಿನ ಗಂಟೆ, ಸಾಲ ಇಲ್ಲ, ಕಳವಿನದಲ್ಲ ಎಂಬ ಮಾತು ಸ್ಟ್ಯಾಂಪ್ ಪೇಪರಿನಲ್ಲಿರಲಿ. ವ್ಯಾಪಾರಿಯಿಂದ ಕೊಂಡರೆ ಬಿಲ್ ಬಿಡಬೇಡಿ, ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ಅದೇ ಆಧಾರ. ಮುಳಶಿಯವರ ಕೈಯಲ್ಲಿರುವುದು "ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ" ಎಂದು ಸಹಿ ಹಾಕಿದ ಮರಾಠಿ ಚೀಟಿ ಒಂದೇ.

ಎಲ್ಲಿ ಓಡಿಸುತ್ತೀರಿ ಎನ್ನುವುದನ್ನೂ ಮೊದಲೇ ಯೋಚಿಸಿ. ತಾಮ್ಹಿಣಿ, ಭೀಮಾಶಂಕರ ಎರಡೂ ವನ್ಯಜೀವಿ ಧಾಮಗಳು, ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸಿದರೆ ಕೇಸು. ಗೋವಾದ ಕಡಲತೀರದಲ್ಲೂ ವಾಹನ ಓಡಿಸುವಂತಿಲ್ಲ. ಸ್ವಂತ ಜಮೀನು ಅಥವಾ ಒಪ್ಪಿಗೆ ಕೊಟ್ಟವರ ಜಮೀನು ಇಲ್ಲದಿದ್ದರೆ ಈ ಗಾಡಿಗೆ ಜಾಗವೇ ಇಲ್ಲ.

ಕೆಳಗಿನ ಬಾಲ್ ಜಾಯಿಂಟ್ ಎರಡು, ಎ-ಆರ್ಮ್ ಬುಷ್ ಸೆಟ್, ಮುಂದಿನ ಆಕ್ಸಲ್ ಎರಡು, ಬೆಲ್ಟ್, ಪುಲ್ಲಿ, ಪಿಸ್ಟನ್ ಮತ್ತು ರಿಂಗ್: ಮುಳಶಿಯ ಷೆಡ್ಡಿನಲ್ಲಿ ಗೋಡೆಗೆ ಅಂಟಿಸಿರುವ ಪಟ್ಟಿ ಇದು. ಹೆಚ್ಚಿನವು ಹೊರಗಿನಿಂದ ಬರಬೇಕು. ಆ ಗಾಡಿ ಕೊಂಡ ಯಾರ್ಡಿನಲ್ಲಿ ಅದೇ ಬಗೆಯವು ಇನ್ನೆರಡು ನಿಂತಿವೆ. ಎರಡರ ಅಡಿಗೂ ಕರಿ ಬಣ್ಣ ಹೊಸದು, ಟ್ಯಾಗುಗಳ ಮೇಲೂ.