ಏಳು ಲೀಟರ್ ಎಕ್ಸ್‌ಟ್ರಾ ಟ್ಯಾಂಕ್: ಮೂರು ವರ್ಷ ಓಡಿಸಿದ ಮೇಲೆ

ಗಾಡಿ 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋ ಮಾಡೆಲ್. ಕಂಪನಿ ಟ್ಯಾಂಕೇ 15 ಲೀಟರ್. ದಾವಣಗೆರೆ-ಚಿತ್ರದುರ್ಗ ಓಡಾಡೋಕೆ ಇನ್ನೊಂದು ಟ್ಯಾಂಕ್ ಯಾಕೆ ಅಂತ ಮನೆಯಲ್ಲೂ ಕೇಳಿದರು. ನಿಜ, ಹೈವೇಯಲ್ಲಿ ಬಂಕಿಗೇನು ಬರ. ನನ್ನ ತಲೆಯಲ್ಲಿದ್ದದ್ದು ಮನಾಲಿ-ಲೇಹ್ ರಸ್ತೆ: ತಾಂಡಿ ಬಂಕ್ ದಾಟಿದರೆ ಮುಂದಿನದು 365 ಕಿ.ಮೀ. ಅಂತ ಅಲ್ಲಿನ ಬೋರ್ಡೇ ಹೇಳುತ್ತಿತ್ತು. ಲಗೇಜು ಹೇರಿ ಘಾಟಿ ಹತ್ತಿದರೆ ಮೈಲೇಜ್ 25ಕ್ಕೆ ಇಳಿಯುತ್ತೆ. ಲೆಕ್ಕ ಹಾಕಿದರೆ ಉಳಿಯೋದು ಒಂದು ಲೋಟ ಪೆಟ್ರೋಲ್.

ನಮ್ಮೂರಲ್ಲೇ ಅಲ್ಯೂಮಿನಿಯಂ ಶೀಟಿನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಬ್ರಾಕೆಟ್, ಕಾಕ್ (ಪೆಟ್ರೋಲ್ ನಲ್ಲಿ), ಪೈಪ್ ಸೇರಿ ಐದು ಸಾವಿರದ ಹತ್ತಿರ. ಸೈಲೆನ್ಸರ್ ಬಲಗಡೆ ಇರೋದರಿಂದ ಟ್ಯಾಂಕ್ ಎಡಗಡೆ, ಸೀಟಿನ ಕೆಳಗೆ. "ಮೇಲಿಟ್ರೆ ಗಾಡಿ ವಾಲಾಡ್ತತಿ ಸರ್, ಕೆಳಗೇ ಇರ್ಲಿ ಬಿಡ್ರಿ" ಅಂದರು ವೆಲ್ಡಿಂಗ್‌ನವರು. ನಾನೂ ತಲೆಯಾಡಿಸಿದೆ.

ಮೊದಲ ವಾರವೇ ಪಾಠ. ಎರಡೂ ಕಾಕ್ ತೆರೆದಿಟ್ಟು ಸೈಡ್ ಸ್ಟ್ಯಾಂಡ್ ಹಾಕಿ ಮಲಗಿದ್ದೆ. ಗಾಡಿ ವಾಲೋದೂ ಎಡಕ್ಕೇ. ಮೇಲಿನ ಟ್ಯಾಂಕಿನ ಪೆಟ್ರೋಲ್ ಪೈಪಿನಲ್ಲಿ ಕೆಳಗಿನ ಟ್ಯಾಂಕಿಗಿಳಿದು, ಅದರ ಗಾಳಿತೂತಿನಿಂದ ಉಕ್ಕಿ ಅಂಗಳವೆಲ್ಲ ಘಮಘಮ. ಒಂದು ಕಾಕ್ ತೆರೆದರೆ ಇನ್ನೊಂದು ಮುಚ್ಚಿರಲೇಬೇಕು.

ಅಸಲಿ ತೊಂದರೆ ಗೊತ್ತಾಗಿದ್ದು ಲೇಹ್ ರಸ್ತೆಯಲ್ಲಿ ಸರ್ಚು ದಾಟಿದ ಮೇಲೆ, ಗಾಟಾ ಲೂಪ್ಸ್ ಅನ್ನೋ ಸುತ್ತುತಿರುವಿನ ಘಾಟಿಯಲ್ಲಿ. ಎಕ್ಸ್‌ಟ್ರಾ ಟ್ಯಾಂಕಿನ ಕಾಕ್ ತೆರೆದು ಓಡಿಸುತ್ತಿದ್ದೆ. ಏರು ಶುರುವಾಗಿದ್ದೇ ತಡ ಇಂಜಿನ್ ಕೆಮ್ಮಿ ಕೆಮ್ಮಿ ಆಫ್. ಎತ್ತರದಲ್ಲಿ ಗಾಳಿ ತೆಳು, ಕಾರ್ಬುರೇಟರ್ ಗಾಡಿ ಹಿಂಗೇ ಅಂದುಕೊಂಡೆ. ಮೇನ್ ಕಾಕಿಗೆ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಟಿತು! ಆಗ ಹೊಳೆಯಿತು: ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯಬೇಕು. ನನ್ನ ಟ್ಯಾಂಕಿನ ತಳ ಕಾರ್ಬುರೇಟರ್ ಮಟ್ಟಕ್ಕೇ ಇತ್ತು. ಏರಿನಲ್ಲಿ ಗಾಡಿಯ ಹಿಂಭಾಗ ತಗ್ಗಿದರೆ ಅದೂ ತಗ್ಗುತ್ತೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದೂ ಉಪಯೋಗವಿಲ್ಲ. ದಾವಣಗೆರೆಯ ಬಯಲಲ್ಲಿ ಟೆಸ್ಟ್ ಮಾಡಿದ್ದಕ್ಕೆ ಇದು ಕಂಡೇ ಇರಲಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆ ಒಂದು ಸಲ ಹತ್ತಿಸಿದ್ದರೆ ಸಾಕಿತ್ತು.

ವಾಪಸ್ ಬಂದು ಅದನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿದೆ. ತುಂಬಿದರೆ ಪೆಟ್ರೋಲೇ ಐದು ಕೆ.ಜಿ. ಚಿತ್ರದುರ್ಗದ ಗಾಳಿ ಫ್ಯಾನುಗಳ ಹತ್ತಿರ ಅಡ್ಡಗಾಳಿ ಬೀಸಿದಾಗ ಬಾಲ ಅಲ್ಲಾಡೋದು ಗೊತ್ತಾಗುತ್ತೆ. ವೆಲ್ಡಿಂಗ್‌ನವರು ಹೇಳಿದ್ದೂ ಸುಳ್ಳಲ್ಲ. ಆದರೂ ಏರಿನಲ್ಲಿ ಮತ್ತೆ ನಿಂತಿಲ್ಲ. ಈಗ ಎಕ್ಸ್‌ಟ್ರಾ ಟ್ಯಾಂಕನ್ನೇ ಮೊದಲು ಖಾಲಿ ಮಾಡುತ್ತೇನೆ, ಬಾಲದ ಭಾರ ಬೇಗ ಇಳಿಯಲಿ ಅಂತ.

ಮೊದಲು ಹಾಕಿದ್ದ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಆರೇ ತಿಂಗಳಿಗೆ ಹಳದಿಯಾಗಿ ಕಡ್ಡಿಯ ಹಾಗೆ ಗಟ್ಟಿಯಾಯಿತು. ಪೆಟ್ರೋಲಿಗೆ ಬೆರೆಸೋ ಎಥನಾಲ್ ತಡೆಯೋ ಫ್ಯೂಯೆಲ್ ಹೋಸ್ ಅಂತಲೇ ಕೇಳಿ ತಗೊಳ್ಳಿ. ಬಾಯಿವರೆಗೂ ತುಂಬಿಸಬೇಡಿ, ಬಿಸಿಲಿಗೆ ಇಪ್ಪತ್ತು ಡಿಗ್ರಿ ಏರಿದರೆ ಏಳು ಲೀಟರಿಗೆ ಒಂದು ಟೀ ಲೋಟದಷ್ಟು ಹಿಗ್ಗುತ್ತೆ.

ಖಾಯಂ ಆಗಿ ಕೂರಿಸೋ ಮುಂಚೆ ಗಾಡಿಯಲ್ಲಿ ಮಾಡೋ ಮಾರ್ಪಾಡುಗಳ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ, ಇನ್ಶೂರೆನ್ಸ್‌ನವರನ್ನೂ ಕೇಳಿ. ನಾನಂತೂ ಟೂರ್ ಮುಗಿದ ಕೂಡಲೇ ನಾಲ್ಕು ಬೋಲ್ಟ್ ಬಿಚ್ಚಿ, ಒಣಗಿಸಿ ಅಟ್ಟಕ್ಕೆ ಹಾಕುತ್ತೇನೆ. ಎಷ್ಟು ಒಣಗಿಸಿದರೂ ವಾಸನೆ ಬರುತ್ತೆ ಅನ್ನೋ ದೂರು ಮನೆಯಲ್ಲಿ ಇನ್ನೂ ನಿಂತಿಲ್ಲ.